ನಾಯಿಮರಿ ಮನೆಗೆ ಬಂದಾಗ

ಕಳೆದ ವರ್ಷ ಸಂಕ್ರಾಂತಿಯ ಮರುದಿನ, ಆಗ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ನನ್ನ ಮಗಳು ಗೋಣಿಚೀಲದ ತುಂಡಿನಲ್ಲಿ ಸುತ್ತಿಕೊಂಡು ಒಂದು ನಾಯಿಮರಿಯನ್ನು ಮನೆಗೆ ತಂದಳು. ಉಚ್ಚಂಗಿದುರ್ಗದ ಬೆಟ್ಟದ ಕೆಳಗೆ, ಮೆಕ್ಕೆಜೋಳ ಕೊಯ್ದ ಹೊಲದಲ್ಲಿ ಕುರಿಮಂದೆ ಹಾಕಿದ್ದ ಕುರಿಗಾಹಿಯೊಬ್ಬರು ಕೊಟ್ಟ ಮರಿ. ಕಂದು ಮೈ, ಎದೆಯ ಮೇಲೊಂದು ಬಿಳಿ ಮಚ್ಚೆ, ಒಂದು ಕಿವಿ ನಿಂತಿದೆ, ಇನ್ನೊಂದು ಬಾಗಿದೆ. ವಯಸ್ಸು ಎರಡು ತಿಂಗಳ ಮೇಲೆ ನಾಲ್ಕು ದಿನ. "ಮೇಷ್ಟ್ರೇ, ಇದು ಬಾಳ ಚೂಟಿ ಐತ್ರಿ, ನೋಡ್ಕೊಳ್ರಿ" ಎಂದು ಅವರು ಮೊದಲೇ ಎಚ್ಚರಿಸಿದ್ದರು. ಚೂಟಿ ಎಂದರೆ ಏನೆಂದು ತಿಳಿಯಲು ನಮಗೆ ಎರಡು ದಿನ ಸಾಕಾಯಿತು.

ಮಗಳು ಅದಕ್ಕೆ ಮಿಂಚು ಎಂದು ಹೆಸರಿಟ್ಟಳು. ಮೊದಲ ವಾರದಲ್ಲಿ ಎರಡು ಜೊತೆ ಚಪ್ಪಲಿ, ನನ್ನ ಕನ್ನಡಕದ ಡಬ್ಬಿ, ತಿದ್ದಿಟ್ಟಿದ್ದ ಏಳು ಉತ್ತರಪತ್ರಿಕೆ ಮಿಂಚುವಿನ ಬಾಯಿಗೆ ಹೋದವು. (ಆ ಏಳು ವಿದ್ಯಾರ್ಥಿಗಳಿಗೆ ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.) ಅಡುಗೆಮನೆಯ ಹೊಸ್ತಿಲ ಮೇಲೆ, ಜೋಳದ ಚೀಲದ ಹಿಂದೆ, ಒಮ್ಮೆ ನನ್ನ ಹಾಸಿಗೆಯ ಮೇಲೇ ಉಚ್ಚೆ. ನಡೆದಾಡುವವರ ಕಾಲಿಗೆ, ಲಂಗದ ಅಂಚಿಗೆ, ಪಂಚೆಯ ಚುಂಗಿಗೆ ಜೋತುಬೀಳುವುದು. "ಇದು ನಮ್ಮನಿಗೆ ಬ್ಯಾಡ್ರಿ, ತಂದಲ್ಲಿಗೇ ಬಿಟ್ಟು ಬರ್ರಿ" ಎಂದು ನನ್ನಾಕೆ ದಿನಕ್ಕೆ ಮೂರು ಸಲ ಹೇಳುತ್ತಿದ್ದಳು. ನನಗೂ ತಾಳ್ಮೆ ತಪ್ಪಿತು. ಒಂದು ರಾತ್ರಿ ಮರಿ ನನ್ನ ಕೈಬೆರಳಿಗೆ ಹಲ್ಲು ಊರಿದಾಗ ದಿನಪತ್ರಿಕೆಯನ್ನು ಸುರುಳಿ ಮಾಡಿ ಅದಕ್ಕೆರಡು ಬಾರಿಸಿ, ಮಗಳಿಗೆ ಹೇಳಿದೆ: "ಇನ್ನೊಂದು ಸಲ ಯಾರಿಗಾದರೂ ಕಚ್ಚಲಿ, ಇದನ್ನು ಬೆಟ್ಟದ ಆಚೆ ಬಿಟ್ಟು ಬರುತ್ತೇನೆ."

ಆ ಮಾತು ಹೇಳಬಾರದಿತ್ತು.

ಫೆಬ್ರವರಿಯ ಮೊದಲ ವಾರ. ಮಗಳ ತಲೆಗೆ ಎಣ್ಣೆ ಹಚ್ಚಲು ಕುಳಿತ ನನ್ನಾಕೆಗೆ ಅವಳ ಮೀನಖಂಡದ ಮೇಲೆ ಕಟ್ಟಿದ್ದ ಬಟ್ಟೆಯ ಚೂರು ಕಾಣಿಸಿತು. ಬಿಚ್ಚಿ ನೋಡಿದರೆ ಎರಡು ಸಣ್ಣ ತೂತು, ಸುತ್ತಲೂ ಕೆಂಪು, ಮೇಲೆ ಅರಿಸಿನ. ಮಿಂಚು ಕಚ್ಚಿ ಮೂರು ದಿನವಾಗಿತ್ತು. ರಕ್ತವೂ ಬಂದಿತ್ತು. "ಯಾಕವ್ವಾ ಹೇಳಲಿಲ್ಲ?" ಎಂದು ಕೇಳಿದ್ದಕ್ಕೆ ಹುಡುಗಿ ನನ್ನ ಮುಖ ನೋಡದೆ ಹೇಳಿದ್ದು ಇಷ್ಟೇ: "ಹೇಳಿದ್ರೆ ನೀವು ಅದನ್ನ ಬಿಟ್ಟು ಬರ್ತಿದ್ರಿ, ಅಪ್ಪಾಜಿ."

ಪ್ರತಿ ವರ್ಷ ತರಗತಿಯಲ್ಲಿ ವೈರಸ್ ರೋಗಗಳ ಪಾಠ ಬಂದಾಗ ರೇಬಿಸ್ ಬಗ್ಗೆ ಅರ್ಧ ಗಂಟೆ ಮಾತನಾಡುವವನು ನಾನು. ನಾಯಿ ಕಚ್ಚಿದರೆ ಮನೆಯಲ್ಲಿ ತಕ್ಷಣ ಹೇಳಬೇಕೆಂದು ಮಕ್ಕಳಿಂದ ಒಕ್ಕೊರಲಿನಲ್ಲಿ ಹೇಳಿಸುವವನು. ನನ್ನ ಮನೆಯ ಮಗುವೇ ಮೂರು ದಿನ ಮುಚ್ಚಿಟ್ಟಿತ್ತು.

ಹತ್ತು ದಿನದ ಲೆಕ್ಕ

ಇಲ್ಲಿ ಸ್ವಲ್ಪ ವಿಜ್ಞಾನ ಹೇಳಲೇಬೇಕು. ರೇಬಿಸ್ ವೈರಸ್ ರೋಗಪೀಡಿತ ಪ್ರಾಣಿಯ ಜೊಲ್ಲಿನಲ್ಲಿರುತ್ತದೆ. ಗಾಯದ ಮೂಲಕ ಒಳಹೊಕ್ಕು ನರತಂತುಗಳ ಹಾದಿ ಹಿಡಿದು ನಿಧಾನವಾಗಿ ಮಿದುಳಿನತ್ತ ಸಾಗುತ್ತದೆ. ಮನುಷ್ಯರಲ್ಲಿ ಈ ಪಯಣಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಬೇಕು. ಕೆಲವೊಮ್ಮೆ ಬೇಗ, ಕೆಲವೊಮ್ಮೆ ಬಹಳ ತಡ. ಮಿದುಳು ತಲುಪಿ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಆದರೆ ವೈರಸ್ ದಾರಿಯಲ್ಲಿರುವಾಗಲೇ ಲಸಿಕೆ ಹಾಕಿದರೆ, ಅದು ತಲುಪುವುದರೊಳಗೆ ದೇಹ ಪ್ರತಿಕಾಯಗಳನ್ನು ಸಿದ್ಧಮಾಡಿಕೊಳ್ಳುತ್ತದೆ. ಲೂಯಿ ಪ್ಯಾಶ್ಚರ್ 1885ರ ಜುಲೈ 6ರಂದು ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಹುಡುಗನನ್ನು ಉಳಿಸಲು ಕೈಹಾಕಿದ್ದು ಇದೇ ಧೈರ್ಯದ ಮೇಲೆ. ಕಚ್ಚಿ ದಿನಗಳಾಗಿದ್ದರೂ "ಇನ್ನೇನು ತಡವಾಯಿತಲ್ಲ" ಎಂದು ಸುಮ್ಮನಿರಬಾರದು ಎನ್ನುವುದು ಅದಕ್ಕೇ.

ಮೊದಲ ಕೆಲಸ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯುವುದು. ಗಡಿಯಾರ ನೋಡಿಕೊಂಡೇ ತೊಳೆಯಬೇಕು. ನಮಗೆ ಎರಡು ನಿಮಿಷವೇ ಹದಿನೈದು ಅನ್ನಿಸುತ್ತದೆ. ರೇಬಿಸ್ ವೈರಸ್ಸಿನ ಹೊರಕವಚದಲ್ಲಿ ಕೊಬ್ಬಿನ ಪದರವಿದೆ; ಸಾಬೂನು ಅದನ್ನು ಒಡೆಯುತ್ತದೆ. ಅರಿಸಿನ, ಸುಣ್ಣ, ಮೆಣಸಿನಪುಡಿ ಏನನ್ನೂ ಮೆತ್ತಬಾರದು. ಆಮೇಲೆ ಆಸ್ಪತ್ರೆ. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಎಂಬ ಹೆದರಿಕೆ ನಮ್ಮ ಕಡೆ ಹಿರಿಯರಲ್ಲಿ ಇನ್ನೂ ಇದೆ. ಆ ಹಳೆಯ ಲಸಿಕೆ 2005ರ ಹೊತ್ತಿಗೇ ನಮ್ಮ ದೇಶದಲ್ಲಿ ನಿಂತುಹೋಯಿತು. ಈಗ ತೋಳಿಗೆ ಸಣ್ಣ ಸೂಜಿ. ಚರ್ಮದೊಳಕ್ಕೆ ಕೊಡುವ ಕ್ರಮದಲ್ಲಿ ಮೊದಲ ದಿನ, ಆಮೇಲೆ 3, 7 ಮತ್ತು 28ನೆಯ ದಿನ. ರಕ್ತ ಬಂದ ಗಾಯವಾದರೆ ಗಾಯದ ಸುತ್ತಲೇ ಕೊಡುವ ಇನ್ನೊಂದು ಔಷಧವೂ ಇದೆ; ಸಿದ್ಧ ಪ್ರತಿಕಾಯಗಳ ದ್ರವ ಅದು. ಯಾವುದು ಬೇಕೆಂದು ವೈದ್ಯರು ಹೇಳುತ್ತಾರೆ.

"ಮನೆ ಮರಿ, ಹಾಲುಹಲ್ಲು, ಆಟಕ್ಕೆ ಕಚ್ಚಿದ್ದು, ಏನಾಗಲ್ಲ ಬಿಡ್ರಿ" ಎಂದು ನೆರೆಯವರು ಸಮಾಧಾನ ಹೇಳಿದರು. ಮರಿಗೂ ರೇಬಿಸ್ ಬರಬಹುದು. ತಾಯಿಯ ಬಳಿ ಇದ್ದಾಗ ಹುಚ್ಚುನಾಯಿಯೊಂದು ಹಟ್ಟಿಗೆ ನುಗ್ಗಿರಬಹುದು, ಯಾರಿಗೆ ಗೊತ್ತು? ಮಿಂಚುವಿಗೆ ಇನ್ನೂ ರೇಬಿಸ್ ಲಸಿಕೆಯಾಗಿರಲಿಲ್ಲ. ಅದನ್ನು ಸಾಮಾನ್ಯವಾಗಿ ಮೂರು ತಿಂಗಳು ತುಂಬಿದಾಗ ಹಾಕುತ್ತಾರೆ. ನಮ್ಮದಕ್ಕೆ ಇನ್ನೂ ಹನ್ನೊಂದು ವಾರ.

ಆಸ್ಪತ್ರೆಯಲ್ಲಿ ಮಗಳಿಗೆ ಮೊದಲ ಸೂಜಿ ಹಾಕಿದ ವೈದ್ಯರು, ಮರಿಯನ್ನು ಎಲ್ಲಿಗೂ ಕಳಿಸಬೇಡಿ, ಕಚ್ಚಿದ ದಿನದಿಂದ ಹತ್ತು ದಿನ ಕಣ್ಣಿಟ್ಟಿರಿ ಎಂದರು. ಇದಕ್ಕೂ ಕಾರಣವಿದೆ. ನಾಯಿಯ ಜೊಲ್ಲಿನಲ್ಲಿ ವೈರಸ್ ಕಾಣಿಸಿಕೊಳ್ಳುವುದು ರೋಗಲಕ್ಷಣಕ್ಕೆ ಕೆಲವೇ ದಿನ ಮುಂಚೆ. ಕಚ್ಚಿದ ನಾಯಿ ಹತ್ತು ದಿನಗಳ ನಂತರವೂ ಆರೋಗ್ಯವಾಗಿ ಓಡಾಡುತ್ತಿದ್ದರೆ, ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಎಂದರ್ಥ. ಅಂದರೆ ನಾನು ನನ್ನ ಬೆದರಿಕೆಯಂತೆ ಮರಿಯನ್ನು ಬೆಟ್ಟದಾಚೆ ಬಿಟ್ಟಿದ್ದರೆ, ಈ ಒಂದು ದೊಡ್ಡ ಸಾಕ್ಷಿಯನ್ನೇ ಕೈಯಾರೆ ಕಳೆದುಕೊಳ್ಳುತ್ತಿದ್ದೆ.

ಹೇಗೂ ಕಣ್ಣಿಡಬೇಕು. ಮಗಳಿಗೆ ಒಂದು ಹಳೆಯ ನೋಟ್‌ಬುಕ್ ಕೊಟ್ಟು, ಪ್ರಯೋಗಶಾಲೆಯಲ್ಲಿ ಬರೆಯುವ ಹಾಗೆ ಅಂಕಣ ಎಳೆಸಿದೆ. ಎಷ್ಟು ಹೊತ್ತಿಗೆ ಹಲ್ಲು ಹಾಕಿತು, ಅದಕ್ಕೆ ಮುಂಚೆ ಏನಾಗುತ್ತಿತ್ತು, ಎಲ್ಲಿಗೆ ಹಾಕಿತು, ಆಮೇಲೆ ನಾವೇನು ಮಾಡಿದೆವು. ಊಟ, ನಿದ್ದೆ, ಉಚ್ಚೆಯ ಹೊತ್ತೂ ಬರೆಯಬೇಕು. ಮೊದಲಿಗೆ ಇದು ಅವಳ ಭಯ ಕಳೆಯಲಿಕ್ಕೆಂದು ಕೊಟ್ಟ ಕೆಲಸ. ನಾಲ್ಕನೆಯ ದಿನ ಅವಳೇ ಬಂದು, "ಅಪ್ಪಾಜಿ, ಇದು ಬರೀ ಸಂಜಿಗೆ ಕಚ್ಚತೈತಿ, ನೋಡ್ರಿ" ಎಂದು ಪುಟ ತೋರಿಸಿದಳು.

ಎಲ್ಲ ಮುಗಿದಾಗ 41 ಸಲ ಹಲ್ಲು ಹಾಕಿದ ಲೆಕ್ಕ ಸಿಕ್ಕಿತು. ಅದರಲ್ಲಿ 27 ಸಂಜೆ ಐದರಿಂದ ಏಳರೊಳಗೆ. ನಿದ್ದೆಯ ಅಂಕಣಕ್ಕೆ ಹೊಂದಿಸಿ ನೋಡಿದಾಗ ಗುಟ್ಟು ಬಯಲಾಯಿತು. ಎಳೆಯ ಮರಿಗೆ ದಿನಕ್ಕೆ 18ರಿಂದ 20 ತಾಸು ನಿದ್ದೆ ಬೇಕು. ಬೆಳಿಗ್ಗೆ ನಾವೆಲ್ಲ ಶಾಲೆಗೆ ಹೋದ ಮೇಲೆ ಮಿಂಚು ಮಲಗುತ್ತಿತ್ತು. ನಾಲ್ಕೂವರೆಗೆ ಮಗಳು, ಹಿಂದೆಯೇ ಓಣಿಯ ಆರೇಳು ಮಕ್ಕಳು, ಆಮೇಲೆ ನಾನು. ಎತ್ತಿಕೊಳ್ಳುವವರು, ಓಡಿಸುವವರು, ಕಿವಿ ಹಿಡಿಯುವವರು. ರಾತ್ರಿಯವರೆಗೆ ಮರಿಗೆ ಕಣ್ಣು ಮುಚ್ಚಲು ಬಿಡುವಿಲ್ಲ. ನಿದ್ದೆಗೆಟ್ಟ ಕೂಸು ರಚ್ಚೆ ಹಿಡಿಯುವಂತೆ ಇದು ಹಲ್ಲು ಹಾಕುತ್ತಿತ್ತು. ಚೂಟಿತನವೆಂದು ನಾವು ತಿಳಿದದ್ದರಲ್ಲಿ ಅರ್ಧದಷ್ಟು ದಣಿವು!

ಇನ್ನೊಂದು ಅಂಕಣವೂ ಮಾತನಾಡಿತು. "ಆಮೇಲೆ ನಾವೇನು ಮಾಡಿದೆವು" ಎಂಬಲ್ಲಿ ಹೆಚ್ಚಾಗಿ "ಕೂಗಿದೆವು, ಓಡಿದೆವು, ಕೈ ಕೊಡವಿದೆವು" ಎಂದಿತ್ತು. ಅಂಥ ಕಡೆಯೆಲ್ಲ ಮುಂದಿನ ಸಾಲಿನಲ್ಲಿ ಮತ್ತೆ ಕಚ್ಚಿದ ದಾಖಲೆ. ಓಡುವ ಕಾಲನ್ನು ಬೆನ್ನಟ್ಟುವುದು ನಾಯಿಯ ರಕ್ತದಲ್ಲಿದೆ. ಕುರಿಗಾಹಿಯ ನಾಯಿಯ ಮರಿಗಂತೂ ಕೇಳಬೇಕೆ? ನಮ್ಮ ಕಿರುಚಾಟ ಅದಕ್ಕೆ ಆಟದ ಉತ್ಸಾಹದ ಹಾಗೆ ಕೇಳಿಸಿತ್ತು.

ಬಹುಮಾನ ಯಾವುದು?

ಮನೋವಿಜ್ಞಾನದಲ್ಲಿ ಇದಕ್ಕೆ ಹೆಸರಿದೆ. ರಷ್ಯದ ಪಾವ್‌ಲೊವ್ ನಾಯಿಗೆ ಗಂಟೆ ಬಾರಿಸಿ ಜೊಲ್ಲು ಸುರಿಸಿದ ಕಥೆ ಎಲ್ಲರೂ ಓದಿದ್ದೀರಿ. (ಅವರಿಗೆ 1904ರ ನೊಬೆಲ್ ಬಂದದ್ದು ಈ ಪ್ರಯೋಗಕ್ಕಲ್ಲ, ಜೀರ್ಣಕ್ರಿಯೆಯ ಅಧ್ಯಯನಕ್ಕೆ. ಪರೀಕ್ಷೆಯಲ್ಲಿ ತಪ್ಪಾಗಿ ಬರೆಯುವವರು ಬಹಳ.) ಆ ಮೇಲೆ ಅಮೆರಿಕದ ಸ್ಕಿನ್ನರ್ ಇನ್ನೊಂದು ಮಾತನ್ನು ಗಟ್ಟಿಮಾಡಿದರು: ಯಾವ ನಡವಳಿಕೆಯ ಬೆನ್ನಲ್ಲೇ ಬಹುಮಾನ ಸಿಗುತ್ತದೋ ಆ ನಡವಳಿಕೆ ಹೆಚ್ಚುತ್ತದೆ. ಬಹುಮಾನ ಯಾವುದೆಂದು ತೀರ್ಮಾನಿಸುವುದು ಮಾತ್ರ ನಾವಲ್ಲ, ನಾಯಿ. ನಮ್ಮ ಗಮನವೇ ಅದಕ್ಕೆ ಬಹುಮಾನ. ನಾವು ಬೈದರೂ ಅದು ಗಮನವೇ.

ಆದ್ದರಿಂದ ಮನೆಯಲ್ಲಿ ಹೊಸ ನಿಯಮ ಬಂತು. ಹಲ್ಲು ತಾಗಿತೋ, ಮರದ ಹಾಗೆ ನಿಲ್ಲುವುದು. ಕೂಗಬಾರದು, ನೋಡಬಾರದು, ಕೈ ಎಳೆಯಬಾರದು. ಬಿಡದಿದ್ದರೆ ಎದ್ದು ಅರ್ಧ ನಿಮಿಷ ಆ ಕೋಣೆಯಿಂದಲೇ ಹೊರಗೆ. ವಾಪಸು ಬಂದು ಗಂಟು ಹಾಕಿದ ಹಗ್ಗ ಕೊಡುವುದು. ಅದನ್ನು ಕಚ್ಚಿದರೆ ಮೆಚ್ಚುಗೆ. ಮರಿಗಳು ತಮ್ಮೊಳಗೆ ಕಲಿಯುವುದೂ ಹೀಗೆಯೇ. ಒಂದು ಮರಿ ಜೋರಾಗಿ ಕಚ್ಚಿದರೆ ಇನ್ನೊಂದು ಕುಂಯ್ ಎಂದು ಆಟ ನಿಲ್ಲಿಸಿ ದೂರ ಹೋಗುತ್ತದೆ. ಎಷ್ಟು ಬಿಗಿ ಕಚ್ಚಿದರೆ ಆಟ ಮುಗಿಯುತ್ತದೆ ಎಂಬ ಲೆಕ್ಕ ಒಡಹುಟ್ಟಿದವುಗಳ ಜೊತೆಯಲ್ಲೇ ಕಲಿಯಬೇಕು. ಆದ್ದರಿಂದಲೇ ಎಂಟು ವಾರ ತುಂಬುವ ಮುಂಚೆ ಮರಿಯನ್ನು ತಾಯಿಯಿಂದ ಬೇರೆ ಮಾಡಬಾರದು. ನಮ್ಮೂರಿನಲ್ಲಿ ಚಳಿಗಾಲಕ್ಕೆ ಬೀದಿನಾಯಿ ಮರಿ ಹಾಕಿದರೆ ಮಕ್ಕಳು ಮೂರು ವಾರಕ್ಕೇ ಎತ್ತಿಕೊಂಡು ಬರುತ್ತಾರೆ. ಮರಿಯ ಕಣ್ಣು ತೆರೆಯುವುದೇ ಹತ್ತು–ಹದಿನಾಲ್ಕು ದಿನಕ್ಕೆ, ಕಿವಿ ತೆರೆಯುವುದು ಇನ್ನೂ ಕೆಲವು ದಿನ ತಡ. ಪೋಷಕರು ಗದರಿಸದೆ, "ಇನ್ನು ಐದು ವಾರ ಅಲ್ಲಿಯೇ ಅದರ ತಾಯಿಗೆ ಅನ್ನ ಹಾಕು, ಆಮೇಲೆ ತರೋಣ" ಎಂದರೆ ಎಷ್ಟೋ ಮರಿಗಳು ಉಳಿಯುತ್ತವೆ. ಕೋಲ್ಕತ್ತದ ಐಸರ್ ಸಂಸ್ಥೆಯವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೀದಿಯಲ್ಲಿ ಹುಟ್ಟಿದ ಮರಿಗಳಲ್ಲಿ ಪ್ರಾಯಕ್ಕೆ ಬರುವಷ್ಟು ದಿನ ಬದುಕಿದ್ದು ಐದರಲ್ಲಿ ಒಂದರಷ್ಟು ಮಾತ್ರ.

ಸಂಜೆ ಐದಕ್ಕೆ ಮಿಂಚುವನ್ನು ಹಿಂದಿನ ಕತ್ತಲೆಕೋಣೆಯಲ್ಲಿ ಗೋಣಿಯ ಮೇಲೆ ಮಲಗಿಸಿ ಬಾಗಿಲು ಮುಂದೆ ಮಾಡತೊಡಗಿದೆವು. ಎರಡು ದಿನ ಕುಂಯ್‌ಗುಟ್ಟಿತು. ಮೂರನೆಯ ದಿನ ತಾನೇ ಹೋಗಿ ಮಲಗಿತು. ಕಚ್ಚಾಟ ಒಂದೇ ವಾರದಲ್ಲಿ ಅರ್ಧಕ್ಕೆ ಇಳಿಯಿತು.

ಪೆಟ್ಟಿನ ಬಗ್ಗೆ ಒಂದು ಮಾತು. ಪತ್ರಿಕೆಯ ಸುರುಳಿಯಿಂದ ನಾಯಿಗೆ ಹೊಡೆಯುವ ಪದ್ಧತಿ ಎಲ್ಲ ಕಡೆ ಇದೆ. ಪತ್ರಿಕೆ ಇರುವುದು ಓದುವುದಕ್ಕೆ. ಉಚ್ಚೆ ಹೊಯ್ದ ಜಾಗಕ್ಕೆ ಮರಿಯ ಮೂತಿ ತಿಕ್ಕುವವರೂ ಇದ್ದಾರೆ, ನಾನೂ ತಿಕ್ಕಿದ್ದೇನೆ. ಹತ್ತು ನಿಮಿಷದ ಹಿಂದೆ ಮಾಡಿದ್ದಕ್ಕೂ ಈಗಿನ ಪೆಟ್ಟಿಗೂ ಸಂಬಂಧ ಕಟ್ಟುವ ಶಕ್ತಿ ಮರಿಗಿಲ್ಲ. ಅದು ಕಲಿಯುವುದು ಒಂದೇ: ಈ ಮನುಷ್ಯನ ಎದುರಿಗೆ ಉಚ್ಚೆ ಹೊಯ್ಯಬಾರದು. ಆಮೇಲೆ ಜೋಳದ ಚೀಲದ ಹಿಂದೆ ಹೋಗಿ ಹೊಯ್ಯುತ್ತದೆ. ನಮ್ಮ ಮರಿ ಹಾಗೆಯೇ ಮಾಡಿತ್ತು. ನನ್ನ ಮಗಳು ಗಾಯಕ್ಕೆ ಬಟ್ಟೆ ಕಟ್ಟಿಕೊಂಡದ್ದೂ ಬೇರೇನಲ್ಲ. ನೌಕರಿಯ ಮೊದಲ ವರ್ಷಗಳಲ್ಲಿ ನಾನು ಬೆತ್ತ ಹಿಡಿದೇ ತರಗತಿಗೆ ಹೋಗುತ್ತಿದ್ದವನು. ಆಗ ನನ್ನಿಂದ ಮಕ್ಕಳು ಏನೇನು ಮುಚ್ಚಿಟ್ಟರೋ.

ಉಚ್ಚೆಯ ಅಭ್ಯಾಸ ತಿದ್ದುವುದು ನಿಜಕ್ಕೂ ಸುಲಭ, ಆದರೆ ಬೇಸರದ ಕೆಲಸ. ಮರಿ ನಿದ್ದೆಯಿಂದ ಎದ್ದ ಕೂಡಲೆ, ಉಂಡ ಐದು–ಹತ್ತು ನಿಮಿಷಕ್ಕೆ, ಆಟ ಮುಗಿದ ಮೇಲೆ ಹಿತ್ತಲಿನ ಒಂದೇ ಜಾಗಕ್ಕೆ ಒಯ್ಯಬೇಕು. ಎರಡು ತಿಂಗಳ ಮರಿ ಹಗಲಿನಲ್ಲಿ ಎರಡು–ಮೂರು ತಾಸಿಗಿಂತ ಹೆಚ್ಚು ತಡೆಯಲಾರದು, ರಾತ್ರಿ ಒಮ್ಮೆಯಾದರೂ ಏಳಬೇಕು. ಹೊಯ್ದ ಆ ಕ್ಷಣದಲ್ಲೇ, ಅಲ್ಲೇ, ಒಂದು ಚೂರು ತಿನಿಸು. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಬಹುಮಾನ ಕೊಟ್ಟಂತಾಯಿತು. ಮನೆಯೊಳಗೆ ತಪ್ಪಿದರೆ ಸಾಬೂನಿನಿಂದ ತೊಳೆದು, ವಿನೆಗರ್ ಬೆರೆಸಿದ ನೀರಿನಿಂದ ಒರೆಸಬೇಕು. ನಾಯಿಯ ಮೂಗಿನಲ್ಲಿ ವಾಸನೆ ಹಿಡಿಯುವ ಜೀವಕೋಶಗಳು ಕೋಟಿಗಟ್ಟಲೆ, ನಮಗಿಂತ ಹತ್ತಾರು ಪಟ್ಟು ಹೆಚ್ಚು. ನಮಗೆ ಹೋಯಿತೆನಿಸಿದ ವಾಸನೆ ಅದಕ್ಕೆ ಫಲಕ ಬರೆದು ನಿಲ್ಲಿಸಿದಂತೆ ಇರುತ್ತದೆ.

ಕೂರು, ಕುಂದ್ರು, ಸಿಟ್

ನಮ್ಮ ಕಡೆ ಹೊಲದಲ್ಲಿ ಎತ್ತಿನ ಜೊತೆ ಕನ್ನಡದಲ್ಲಿ ಮಾತನಾಡುವವರೂ ನಾಯಿ ಕಂಡರೆ ಇಂಗ್ಲಿಷಿಗೆ ತಿರುಗುತ್ತಾರೆ. ನಾನು "ಕೂರು" ಎನ್ನುತ್ತಿದ್ದೆ, ನನ್ನಾಕೆ "ಕುಂದ್ರು", ದಾವಣಗೆರೆಯಲ್ಲಿ ಓದುವ ಮಗ ರಜೆಗೆ ಬಂದಾಗ "ಸಿಟ್". ಮಿಂಚು ಮೂವರ ಮುಖವನ್ನೂ ನೋಡಿ ಬಾಲ ಅಲ್ಲಾಡಿಸುತ್ತಿತ್ತು. ನಾಯಿಗೆ ಭಾಷೆಯ ಹಂಗಿಲ್ಲ; ಒಂದು ಕೆಲಸಕ್ಕೆ ಒಂದೇ ಸದ್ದು ಬೇಕು. ಕೊನೆಗೆ ಮನೆಯಾಕೆಯ "ಕುಂದ್ರು" ಗೆದ್ದಿತು. ಅನ್ನ ಹಾಕುವವರು ಅವರಲ್ಲವೆ!

ಕಲಿಸಿದ್ದು ಹೀಗೆ. ಬೇಯಿಸಿದ ಮೊಟ್ಟೆಯ ಸಣ್ಣ ಚೂರನ್ನು ಮರಿಯ ಮೂಗಿನ ಹತ್ತಿರ ಹಿಡಿದು ನಿಧಾನವಾಗಿ ತಲೆಯ ಮೇಲಕ್ಕೆ ಒಯ್ಯಬೇಕು. ಮೂಗು ಮೇಲೇರಿದಂತೆ ಹಿಂಬದಿ ತಾನಾಗಿ ನೆಲಕ್ಕೆ ಕೂರುತ್ತದೆ. ಕೂತ ಕ್ಷಣವೇ ಚೂರು ಬಾಯಿಗೆ. ಕೆಲವು ಸಲವಾದ ಮೇಲೆ, ಕೂರುವ ಸ್ವಲ್ಪ ಮುಂಚೆ "ಕುಂದ್ರು" ಎನ್ನಬೇಕು. ಒಂದು ಸಲಕ್ಕೆ ಮೂರು–ನಾಲ್ಕು ನಿಮಿಷ, ದಿನಕ್ಕೆ ಮೂರು ಸಲ ಸಾಕು. ನಲವತ್ತೈದು ನಿಮಿಷದ ಪಿರಿಯಡ್ ಮಕ್ಕಳಿಗೇ ಹೆಚ್ಚು, ಮರಿಗೆ ಕೇಳುವುದೇ ಬೇಡ. "ಬಾ" ಎಂದು ಕರೆದಾಗ ಬಂದರೆ ಎಂದೂ ಬೈಯಬಾರದು, ಅದು ಚಪ್ಪಲಿಯನ್ನು ಬಾಯಲ್ಲಿ ಕಚ್ಚಿಕೊಂಡೇ ಬಂದಿದ್ದರೂ.

ಚಪ್ಪಲಿಯ ಮಾತು ಬಂತು. ಮೂರನೆಯ ತಿಂಗಳಿನಿಂದ ಆರು–ಏಳನೆಯ ತಿಂಗಳವರೆಗೆ ಮರಿಯ 28 ಹಾಲುಹಲ್ಲು ಬಿದ್ದು 42 ಹಲ್ಲು ಬರುತ್ತವೆ. ವಸಡು ನವೆಯುತ್ತದೆ, ಸಿಕ್ಕಿದ್ದನ್ನೆಲ್ಲ ಅಗಿಯುತ್ತದೆ. ಹಳೆಯ ಚಪ್ಪಲಿ ಆಟಕ್ಕೆ ಕೊಡುವವರು ಒಂದನ್ನು ಮರೆಯುತ್ತಾರೆ: ಯಾವುದು ಹಳೆಯದು, ಯಾವುದು ಬಾಟಾ ಅಂಗಡಿಯಿಂದ ನಿನ್ನೆ ತಂದದ್ದು ಎಂದು ಮರಿಗೆ ತಿಳಿಯದು. ದಪ್ಪ ಬಟ್ಟೆಯನ್ನು ಗಂಟು ಹಾಕಿ ಒದ್ದೆ ಮಾಡಿ ಮಣ್ಣಿನ ಗಡಿಗೆಯ ಪಕ್ಕ ತಣ್ಣಗಿಟ್ಟು ಕೊಡಿ. ಬೇಯಿಸಿದ ಕೋಳಿಮೂಳೆ ಬೇಡ. ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

ಊಟದ ಬಗ್ಗೆ ಪೇಟೆಯ ಡಬ್ಬಿ ಆಹಾರವೇ ಬೇಕೆಂದು ಹೆದರಬೇಕಾಗಿಲ್ಲ. ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದಂತೆ, ತೋಳಕ್ಕೆ ಹೋಲಿಸಿದರೆ ನಾಯಿಯಲ್ಲಿ ಪಿಷ್ಟ ಅರಗಿಸುವ ಜೀನಿನ ಪ್ರತಿಗಳು ಬಹಳ ಹೆಚ್ಚು. ಸಾವಿರಾರು ವರ್ಷ ನಮ್ಮ ಅನ್ನ ತಿಂದ ಗುರುತು ಅದು. ಆದರೂ ಬೆಳೆಯುವ ಮರಿಗೆ ಬರೀ ರೊಟ್ಟಿ, ಮುದ್ದೆ ಸಾಲದು. ಮೊಟ್ಟೆ, ಬೇಯಿಸಿದ ಮಾಂಸ ಅಥವಾ ಮೊಸರು ಇರಬೇಕು. ಹಸಿ ಹಾಲಿಗಿಂತ ಮೊಸರು ಮೇಲು. ತಾಯಿಹಾಲು ಬಿಟ್ಟ ಮರಿಯ ಹೊಟ್ಟೆಯಲ್ಲಿ ಹಾಲಿನ ಸಕ್ಕರೆ ಒಡೆಯುವ ಕಿಣ್ವ ಕಡಿಮೆಯಾಗುತ್ತಾ ಹೋಗುತ್ತದೆ, ಭೇದಿಯಾಗುತ್ತದೆ. ಉಳಿದ ಸಾರು ಸುರಿಯುವುದು ನಮ್ಮ ರೂಢಿ. ಖಾರ ಇರಲಿ, ಅದರಲ್ಲಿರುವ ಈರುಳ್ಳಿಯೇ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿಯೂ ವಿಷ. ಜೋಳ, ಶೇಂಗಾ ಕೂಡಿಟ್ಟ ಮನೆಗಳಲ್ಲಿ ಇಲಿಪಾಷಾಣದ ಉಂಡೆ ಎಲ್ಲಿಟ್ಟಿದ್ದೀರಿ ಎಂದು ಮರಿ ಬರುವ ಮುಂಚೆಯೇ ಹುಡುಕಿ ತೆಗೆಯಿರಿ.

ಮೈ ಮುಟ್ಟಿ "ಜ್ವರ ಬಂದೈತಿ" ಎನ್ನುವವರಿಗೆ: ನಾಯಿಯ ಸಹಜ ಉಷ್ಣತೆಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದಕ್ಕೆ ಪಾದದ ಅಡಿ ಬಿಟ್ಟರೆ ಬೆವರುವ ವ್ಯವಸ್ಥೆ ಇಲ್ಲವೇ ಇಲ್ಲವೆನ್ನಬಹುದು. ನಾಲಿಗೆ ಚಾಚಿ ಏದುತ್ತಲೇ ಮೈ ತಂಪು ಮಾಡಿಕೊಳ್ಳಬೇಕು. ನಮ್ಮ ಬಂಡೆಗಲ್ಲಿನ ಊರಿನ ಏಪ್ರಿಲ್ ಬಿಸಿಲಿಗೆ ದಪ್ಪ ತುಪ್ಪಳದ ಹಸ್ಕಿ, ಚಪ್ಪಟೆ ಮೂಗಿನ ಪಗ್ ತರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹದಿನೈದು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಒಂದು ಮರಿ ರಕ್ತಭೇದಿಯಾಗಿ ಮೂರೇ ದಿನಕ್ಕೆ ಸತ್ತಿತು. ಪಾರ್ವೊ ವೈರಸ್ ಎಂದು ಆಮೇಲೆ ತಿಳಿಯಿತು. ಲಸಿಕೆಯನ್ನು "ಮುಂದಿನ ವಾರ" ಎಂದು ಮುಂದೂಡಿದ್ದವನು ನಾನೇ. ಪಾರ್ವೊ, ಡಿಸ್ಟೆಂಪರ್ ಲಸಿಕೆ ಆರು–ಎಂಟು ವಾರಕ್ಕೆ ಆರಂಭವಾಗಿ, ಮೂರು–ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ ಮುಂದುವರಿಯಬೇಕು. ತಾಯಿಯಿಂದ ಬಂದ ಪ್ರತಿಕಾಯ ಮರಿಯ ಮೈಯಲ್ಲಿ ಇರುವಷ್ಟು ದಿನ ಲಸಿಕೆಯನ್ನೂ ಅದು ತಟಸ್ಥಗೊಳಿಸುತ್ತದೆ; ಯಾವ ವಾರ ಅದು ತೀರುತ್ತದೆಂದು ಹೇಳಲಾಗದು, ಆದ್ದರಿಂದ ಮರುಮರಳಿ ಹಾಕುವುದು. ಜಂತುಹುಳುವಿನ ಔಷಧ ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ. ರೇಬಿಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ಪಶುವೈದ್ಯರು ಹೇಳಿದಂತೆ ಪ್ರತಿವರ್ಷ.

ಕುರಿಹಟ್ಟಿಯಿಂದ ಕಲ್ಲಿನ ಶಾಸನದವರೆಗೆ

ಇಲ್ಲೊಂದು ತೊಡಕು ಇದೆ. ಲಸಿಕೆ ಪೂರ್ತಿಯಾಗುವವರೆಗೆ ಮರಿಯನ್ನು ಬೀದಿಗೆ ಬಿಡಬಾರದು. ಆದರೆ ಲೋಕ ಕಲಿಯುವ ವಯಸ್ಸು ಅದೇ. ಅಮೆರಿಕದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಬಹುಕಾಲ ನಾಯಿಗಳನ್ನು ಸಾಕಿ ನೋಡಿ 1965ರಲ್ಲಿ ಪುಸ್ತಕ ಬರೆದರು. ಮೂರರಿಂದ ಹನ್ನೆರಡು ವಾರದ ನಡುವೆ ಯಾರನ್ನು, ಏನನ್ನು ಕಂಡು ಪಳಗುತ್ತದೋ ಅದು ನಾಯಿಗೆ ಜೀವಮಾನವಿಡೀ ತನ್ನದು. ಕಾಣದೇ ಉಳಿದದ್ದು ಹೆದರಿಕೆಯದು. ಹುಟ್ಟಿನಿಂದ ಸರಪಳಿಯಲ್ಲೇ ಬೆಳೆದ ನಾಯಿ ಬಂದವರಿಗೆಲ್ಲ ಹಾರುವುದು ಶೌರ್ಯದಿಂದಲ್ಲ.

ನಾವು ಮರಿಯನ್ನು ತೋಳಿನಲ್ಲಿ ಎತ್ತಿಕೊಂಡು ಊರು ತೋರಿಸಿದೆವು. ಟ್ರ್ಯಾಕ್ಟರ್, ಕುರಿಮಂದೆ, ಹೆಲ್ಮೆಟ್ ಹಾಕಿದವರು, ಕೋಲು ಹಿಡಿದ ಅಜ್ಜ, ಸಮವಸ್ತ್ರದ ಮಕ್ಕಳ ಸಾಲು. ಭರತ ಹುಣ್ಣಿಮೆಗೆ ಉಚ್ಚೆಂಗೆಮ್ಮನ ಬೆಟ್ಟಕ್ಕೆ ಜನಸಾಗರವೇ ಬರುತ್ತದೆ. ಡೊಳ್ಳು, ತಮಟೆ, ಮೈಕು. ಆ ದಿನ ಮಹಡಿಯ ಮೇಲೆ ಮಗಳ ಮಡಿಲಲ್ಲಿ ಕುಳಿತು ಮಿಂಚು ಡೊಳ್ಳು ಕೇಳಿಸಿಕೊಂಡಿತು. ಪ್ರತಿ ಪೆಟ್ಟಿಗೂ ಒಂದು ಚೂರು ಕೊಬ್ಬರಿ. ನಮ್ಮ ಕಿವಿ ಸೆಕೆಂಡಿಗೆ 20,000 ಕಂಪನಕ್ಕೆ ಕೈಚೆಲ್ಲಿದರೆ ನಾಯಿಯದು 45,000ದವರೆಗೂ ಕೇಳಬಲ್ಲದು. ದೀಪಾವಳಿಯ ಪಟಾಕಿಗೆ ಅವು ಮಂಚದಡಿ ಸೇರುವುದರಲ್ಲಿ ಆಶ್ಚರ್ಯವೇನು?

"ಸಾರ್, ಸಾಕಿದರೆ ಮುಧೋಳ ನಾಯಿ ಸಾಕಬೇಕು" ಎನ್ನುವ ಹುಡುಗರು ಪ್ರತಿ ತರಗತಿಯಲ್ಲೂ ಇದ್ದಾರೆ. ಹೆಮ್ಮೆಯ ತಳಿ, ಸರಿ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ, ಸೇನೆಯೂ ಮೀರತ್‌ನಲ್ಲಿ ತರಬೇತಿ ಕೊಟ್ಟಿದೆ. ಆದರೆ ಅದು ಬೇಟೆಗೆ, ಬಯಲಿನಲ್ಲಿ ಓಡುವುದಕ್ಕೆ ಹುಟ್ಟಿದ ನಾಯಿ. ದಿನಾ ಬೆಳಿಗ್ಗೆ ಎದ್ದು ಓಡಿಸಲು ನೀನು ಸಿದ್ಧನೇ ಎಂದು ಕೇಳಿದರೆ ಹುಡುಗರು ತಲೆ ತಗ್ಗಿಸುತ್ತಾರೆ. ಕುರಿಹಟ್ಟಿಯ ನಾಯಿ ನಮ್ಮ ಬಿಸಿಲಿಗೆ, ನಮ್ಮ ರೊಟ್ಟಿಗೆ ಒಗ್ಗಿದ್ದು.

ನಾಯಿಯ ಪ್ರೀತಿ ಕನ್ನಡಿಗರಿಗೆ ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸುಮಾರು 949–950ರ ಶಾಸನವೊಂದು ಸಿಕ್ಕಿದೆ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗ "ಏನು ಬೇಕು?" ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಕಾಳಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿ ಪೂಜೆಗೆ ಭೂಮಿ ಬಿಟ್ಟ. ನೊಳಂಬರಿಂದ ನಮ್ಮ ಈ ಉಚ್ಚಂಗಿ ಕೋಟೆಯನ್ನು ಗೆದ್ದ ಮಾರಸಿಂಹ ಇದೇ ಬೂತುಗನ ಮಗ. ಸಮಾಜ ಪಾಠ ಮಾಡುವ ನನ್ನ ಸಹೋದ್ಯೋಗಿ ಇದನ್ನು ಹೇಳಿದ ದಿನ ಮಗಳು ಮಿಂಚುವಿನ ಹೆಸರು ಬದಲಾಯಿಸುವ ಯೋಚನೆಯಲ್ಲಿದ್ದಳು. ಆಗಲೇ ಅದು ಹೆಸರಿಗೆ ಓಗೊಡುತ್ತಿದ್ದುದರಿಂದ ಬಿಟ್ಟಳು.

ಹತ್ತನೆಯ ದಿನದ ಬೆಳಿಗ್ಗೆ ಮನೆಯಲ್ಲಿ ಯಾರೂ ಮಾತಾಡದೆ ಎದ್ದೆವು. ಮಿಂಚು ಕತ್ತಲೆಕೋಣೆಯಿಂದ ಹೊರಬಂದು ಮೈ ಮುರಿದು, ಹಿತ್ತಲಿಗೆ ಹೋಗಿ ಬಂದು, ಬಟ್ಟಲಿನ ನೀರನ್ನೆಲ್ಲ ಕುಡಿಯಿತು. ಮಗಳು ನೋಟ್‌ಬುಕ್ಕಿನಲ್ಲಿ "6.20, ನೀರು ಕುಡಿಯಿತು, ಚೆನ್ನಾಗಿದೆ" ಎಂದು ಬರೆದು ಕೆಳಗೆ ಗೆರೆ ಎಳೆದಳು. ಆಸ್ಪತ್ರೆಗೆ ಹೋಗಿ ವೈದ್ಯರಿಗೆ ಆ ಪುಟಗಳನ್ನೂ ತೋರಿಸಿ ಬಂದೆವು. ಮಿಂಚುವಿಗೆ ಮುಂದಿನ ವಾರವೇ ರೇಬಿಸ್ ಲಸಿಕೆಯಾಯಿತು.

ಈಗ ಮಗಳು ಹತ್ತನೆಯ ತರಗತಿಯಲ್ಲಿದ್ದಾಳೆ. ರಾತ್ರಿ ಓದುವಾಗ ನಾಯಿ ಅವಳ ಕಾಲ ಬಳಿ ಮಲಗುತ್ತದೆ. ಓಣಿಯ ಪುಟ್ಟ ಮಕ್ಕಳು ಓಡಿ ಬಂದರೆ ಬೆನ್ನಟ್ಟುವ ಬದಲು ಕುಂದ್ರುತ್ತದೆ. ತಿನಿಸು ಸಿಗುತ್ತದೆಂದು ಅದಕ್ಕೆ ಗೊತ್ತು. ಆದರೂ ಐದು ವರ್ಷದೊಳಗಿನ ಮಕ್ಕಳ ಜೊತೆ ಅದೊಂದನ್ನೇ ನಾವು ಬಿಡುವುದಿಲ್ಲ. ಮೊನ್ನೆ ಎದುರುಮನೆಯ ಹುಡುಗನೊಬ್ಬ ಬಾಗಿಲಲ್ಲಿ ನಿಂತು, ಬೀದಿನಾಯಿ ಪರಚಿದ ಮೊಣಕೈಯನ್ನು ಮಗಳಿಗೆ ತೋರಿಸಿ, "ಅಕ್ಕಾ, ನಮ್ಮಪ್ಪಗ ಹೇಳಬ್ಯಾಡ" ಎಂದ. ಅವಳು ಅವನನ್ನು ನಲ್ಲಿಯ ಕೆಳಗೆ ಕೂರಿಸಿ ಕೈಗೆ ಸಾಬೂನು ಕೊಟ್ಟು, ನನ್ನನ್ನು ಕೂಗಿದಳು: "ಅಪ್ಪಾಜಿ, ನೀವು ಗಡಿಯಾರ ನೋಡ್ರಿ, ನಾನು ಅವರಪ್ಪಗ ಹೇಳಿ ಬರ್ತೀನಿ. ಬಯ್ಯಬ್ಯಾಡ್ರಿ ಅಂತ ಮೊದಲು ಹೇಳ್ತೀನಿ."